ನಿದ್ದೆಗೆಟ್ಟರೂ ಮಾತ್ರೆ ನಿಲ್ಲಿಸಬೇಡ
ಪುಟ್ಟಿ,

ಊರಿನ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರ್ತಾಳೆ, ಬಿಡು. ಕಾಂಡೋಮ್ ಹರಿದ ಮರುದಿನವೇ ಹೋಗಿ ಪೆಪ್, ಅಂದರೆ ಎಚ್‌ಐವಿ ತಗುಲದಂತೆ ತಡೆಯೋ ಮಾತ್ರೆ, ಶುರುಮಾಡಿದ್ದು ಒಳ್ಳೇದಾಯ್ತು, 72 ಗಂಟೆ ದಾಟಿದ ಮೇಲೆ ಅದು ಪ್ರಯೋಜನಕ್ಕೆ ಬರಲ್ಲ. ನನ್ನನ್ನು ಕೂತಲ್ಲಿ ಕೂರಲು ಬಿಡದಿರೋದು ನಿನ್ನ ಕಾಗದದ ಕೊನೆಯ ಸಾಲು: "ನಿದ್ದೆ ಇಲ್ಲ, ಎಲ್ಲ ಬಿಟ್ಟುಬಿಡೋಣ ಅನ್ನಿಸುತ್ತೆ ಚಿಕ್ಕಮ್ಮ."

ಬಿಡೋದು ಮಾತ್ರೆಯನ್ನೋ, ಜೀವವನ್ನೋ? ನೇರವಾಗಿ ಕೇಳ್ತಿದೀನಿ, ನೇರವಾಗೇ ಹೇಳು. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ತಲೆಗೆ ಹೊಕ್ಕಲ್ಲ.

ಆ ಮಾತ್ರೆಯಲ್ಲಿರೋ ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತೆ. ರಾತ್ರಿ ನುಂಗ್ತಿದ್ದರೆ, ಮಾತ್ರೆ ಕೊಟ್ಟ ಕೇಂದ್ರದಲ್ಲಿ ಕೇಳಿಕೊಂಡು ಬೆಳಿಗ್ಗೆಗೆ ಬದಲಾಯಿಸು. ಅಪರೂಪಕ್ಕೆ ಮನಸ್ಸನ್ನೂ ಕುಗ್ಗಿಸುತ್ತೆ, ಮೊದಲೇ ಖಿನ್ನತೆ ಇದ್ದವರಿಗೆ ಇನ್ನೂ ಹೆಚ್ಚು. ಪಿಯುಸಿಯಲ್ಲಿ ನಿನಗೆ ಆಗಿತ್ತಲ್ಲ, ಅದನ್ನು ಡಾಕ್ಟರಿಗೆ ಹೇಳಿದೆಯಾ? ಬೇಕಾದರೆ ಅವರು ಔಷಧಿ ಬದಲಿಸ್ತಾರೆ. ನೀನಾಗಿ ಮಾತ್ರ ನಿಲ್ಲಿಸಬೇಡ, 28 ದಿನ ಪೂರ್ತಿ ಆಗಬೇಕು. ಹಾಸ್ಟೆಲಿನಲ್ಲಿ ಕೊಡೋ ಕಬ್ಬಿಣದ ಮಾತ್ರೆ, ಗ್ಯಾಸಿನ ಔಷಧಿ ಇದರ ಜೊತೆ ಬೇಡ. ಪೆಪ್ ಮಾತ್ರೆ ನುಂಗಿ 2 ಗಂಟೆಯಾದರೂ ಕಳೆದ ಮೇಲೆ ಅವನ್ನು ತಗೋ. ಬಾಟಲಿ ಸದ್ದು ಮಾಡಿ ರೂಮಿನವರಿಗೆ ಗೊತ್ತಾಗುತ್ತೆ ಅಂತ ಭಯವಿದ್ದರೆ ಮೇಲೆ ಸ್ವಲ್ಪ ಹತ್ತಿ ತುರುಕು. ತೇವ ಹೀರೋ ಸಣ್ಣ ಪೊಟ್ಟಣ ಮಾತ್ರ ಒಳಗೇ ಇರಲಿ.

ತೊಂಬತ್ತರ ದಶಕದಲ್ಲಿ ಗೋಡೆ ಗೋಡೆಗೂ ತಲೆಬುರುಡೆ ಬರೆಸಿ, ಏಡ್ಸ್ ಅಂದರೆ ಸಾವು ಅಂತ ಹೆದರಿಸಿದ ತಲೆಮಾರು ನಮ್ಮದು. ಆ ಹೆದರಿಕೆ ಯಾರನ್ನೂ ಪರೀಕ್ಷೆಗೆ ಕರೆತರಲಿಲ್ಲ, ಬಚ್ಚಿಟ್ಟುಕೊಳ್ಳೋದನ್ನು ಕಲಿಸಿತು. ಈಗ ನಿನ್ನ ನಿದ್ದೆಯಲ್ಲೂ ಅದೇ ಕೂತಿದೆಯೇನೋ ಅನ್ನಿಸಿ ಸಂಕಟವಾಗುತ್ತೆ.

ದಿನಾ ಕಿಟ್ ತಂದು ನೀನೇ ಎಚ್‌ಐವಿ ಪರೀಕ್ಷೆ ಮಾಡ್ಕೋಬೇಡ. ಹತ್ತನೇ ದಿನದ ನೆಗೆಟಿವ್‌ನಿಂದ ಏನೂ ಗೊತ್ತಾಗಲ್ಲ, ಭಯ ಒಂದು ಗಂಟೆ ತಗ್ಗಿ ಮತ್ತೆ ಏರುತ್ತೆ ಅಷ್ಟೇ. 6 ವಾರಕ್ಕೆ, 3 ತಿಂಗಳಿಗೆ, ಆಮೇಲೆ ಅವರು ಹೇಳಿದ ದಿನಕ್ಕೆ ಐಸಿಟಿಸಿಯಲ್ಲಿ, ಅಂದರೆ ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಮಾಡಿಸು, ದುಡ್ಡಿಲ್ಲ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿನ್ನ ಒಪ್ಪಿಗೆ ಇಲ್ಲದೆ ಫಲಿತಾಂಶ ವಾರ್ಡನ್ ಕೈಗೂ ಹೋಗಲ್ಲ, ನಿಮ್ಮಪ್ಪನ ಕಿವಿಗೂ ಬೀಳಲ್ಲ. ಆ ಹುಡುಗನೂ ಪರೀಕ್ಷೆ ಮಾಡಿಸಲಿ. ಅವನು ಕಾಂಡೋಮಿಗೆ ತಕರಾರು ತೆಗೆಯೋವಂಥವನಾದರೆ, ಮುಂದೆ ಪ್ರೆಪ್, ಅಂದರೆ ಎಚ್‌ಐವಿ ತಡೆಯೋಕೆ ಮುಂಚೆಯೇ ನುಂಗೋ ಮಾತ್ರೆ, ಬಗ್ಗೆ ಕೇಳು. ಅದಕ್ಕೆ ಅವನ ಒಪ್ಪಿಗೆ ಬೇಕಿಲ್ಲ. ಇದನ್ನೆಲ್ಲ ಚಿಕ್ಕಮ್ಮ ಹೇಳೋದೇ ಅಂದುಕೊಳ್ಳಬೇಡ.

ಆ ಸಾಲು ಮತ್ತೆ ಓದಿದೆ. ಅಂಚೆಗೆ ಕಾಯೋ ವಿಷಯವಲ್ಲ, ಅದಕ್ಕೇ ಇದರ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕ್ತಿದೀನಿ. ರಾತ್ರಿ ಎಷ್ಟೊತ್ತಾದರೂ ನನಗೆ ಫೋನ್ ಮಾಡು. ನನ್ನ ಹತ್ತಿರ ಹೇಳೋಕೆ ನಾಚಿಕೆಯಾದರೆ 14416ಕ್ಕೆ ಮಾಡು, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಯೋಚನೆಯೇ ಆಗಿದ್ದರೆ ಒಬ್ಬಳೇ ಇರಬೇಡ, ಪಕ್ಕದ ಮಂಚದವಳನ್ನು ಎಬ್ಬಿಸು. ನಾನು ಬೆಳಗಿನ ಮೊದಲ ಬಸ್ಸಿಗೇ ಹೊರಡ್ತೀನಿ.

ನಿನ್ನ ಚಿಕ್ಕಮ್ಮ