ದೋಸ್ತ, ಜನವರಿಗೆ ನಾವು ಮಸಾಕಾಕ್ಕೆ ಹೊರಟೆವು

ಪ್ರೀತಿಯ ದೋಸ್ತ,

ಮೊನ್ನೆ ಲೈನ್ ಬಜಾರಿನಲ್ಲಿ ಪೇಢೆ ಕಟ್ಟಿಸಿಕೊಳ್ಳುತ್ತಾ ನಿಂತಾಗ ನೀನು ಒಂದು ಮಾತು ಕೇಳಿದೆ. "ಅಲ್ಲೋ, ನಮ್ಮ ಧಾರವಾಡದಾಗ ಅನಾಥ ಮಕ್ಕಳು ಮುಗದು ಹೋದ್ರೇನು, ಆಫ್ರಿಕಾಕ್ಕ ಹೊಂಟೀರಿ?" ನಾನು ನಕ್ಕು ಮಾತು ಬದಲಿಸಿದೆ. ಉತ್ತರ ಇರಲಿಲ್ಲ ಅಂತಲ್ಲ, ಪೇಢೆ ಅಂಗಡಿ ಮುಂದೆ ನಿಂತು ಹೇಳಿ ಮುಗಿಸುವಂಥದ್ದಾಗಿರಲಿಲ್ಲ. ಇದನ್ನೇ ಇನ್ನೂ ಬಹಳ ಜನ ಕೇಳಿದ್ದಾರೆ, ನಮ್ಮ ಸಭೆಯವರೂ, ಅಂದರೆ ಚರ್ಚಿನವರೂ, ಸೇರಿ. ಅದಕ್ಕೇ ನಿನಗೆ ಬರೆದ ಕಾಗದವನ್ನು ಎಲ್ಲರೂ ಓದಲಿ ಅಂತ ಹಾಕುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಮೊದಲು ಸುದ್ದಿ. ಜನವರಿ ಎರಡನೇ ವಾರ ನಾವು ನಾಲ್ಕೂ ಜನ ಉಗಾಂಡಾಕ್ಕೆ ಹೋಗುತ್ತೇವೆ, ಅಲ್ಲಿಯ ಒಂದು ಅನಾಥಾಲಯದ ಕೆಲಸಕ್ಕೆ. ಊರು ಮಸಾಕಾ, ರಾಜಧಾನಿ ಕಂಪಾಲಾದಿಂದ ಸುಮಾರು 130 ಕಿಲೋಮೀಟರ್. ಅಲ್ಲಿ ಶಾಲೆ ಶುರುವಾಗುವುದು ಫೆಬ್ರವರಿ ಸುಮಾರಿಗೆ, ನಮ್ಮ ಹಾಗೆ ಜೂನ್‌ಗೆ ಅಲ್ಲ. ಅದಕ್ಕೇ ಈ ಅವಸರ. ನಾನು ಕಂಪನಿಗೆ ರಾಜೀನಾಮೆ ಕೊಟ್ಟಾಯಿತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಡಿಸೆಂಬರ್ ಕೊನೆಯವರೆಗೆ ಡ್ಯೂಟಿ ಮಾಡುತ್ತಾಳೆ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಬಂದೆವು. ಆ ಕಾರ್ಡ್ ಇಲ್ಲದೆ ಅಲ್ಲಿಗೆ ಹೋಗುವ ಹಾಗಿಲ್ಲ, ಅಲ್ಲಿಂದ ವಾಪಸ್ ಬಂದರೆ ನಮ್ಮವರೂ ಸುಮ್ನೆ ಒಳಗೆ ಬಿಡುವುದಿಲ್ಲ.

ದುಡ್ಡಿನ ವಿಷಯ ನೀನು ಕೇಳಲಿಲ್ಲ, ಆದರೆ ಕೇಳಬೇಕು ಅಂತ ಬಾಯಿಗೆ ಬಂದದ್ದು ಕಂಡಿತು. ನಮ್ಮ ಸಭೆಯ 27 ಮನೆಯವರು ತಿಂಗಳು ತಿಂಗಳು ಕೈಲಾದಷ್ಟು ಕಳಿಸುತ್ತೇವೆ ಅಂದಿದ್ದಾರೆ. ನನ್ನ ಪಿಎಫ್ ಹಣ ಇದೆ. ಮೂರು ವರ್ಷಕ್ಕೆ ಸಾಕು ಅಂತ ನನ್ನ ಲೆಕ್ಕ. ನನ್ನ ಲೆಕ್ಕ ನಿನಗೆ ಗೊತ್ತಲ್ಲ, ಬೇರೆಯವರದ್ದು ಮಾತ್ರ ಸರಿಯಾಗಿ ಬರುತ್ತದೆ.

ಇನ್ನೊಂದು ಮಾತನ್ನೂ ತೆಗೆದುಬಿಡುತ್ತೇನೆ, ನಮ್ಮ ಓಣಿಯಲ್ಲಿ ಹರಿದಾಡುತ್ತಿದೆ. ಮತಾಂತರ ಮಾಡಲು ಹೊರಟಿದ್ದಾರೆ ಅಂತ. ಉಗಾಂಡಾದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಜನ ಈಗಾಗಲೇ ಕ್ರೈಸ್ತರು. ಭಾನುವಾರ ಆರಾಧನೆ ಮೂರು ತಾಸು ನಡೆಯುತ್ತದೆ, ಕಾಣಿಕೆ ತಟ್ಟೆಗೆ ಬಾಳೆಗೊನೆ, ಜೀವಂತ ಕೋಳಿ ಎಲ್ಲ ಬರುತ್ತವೆ, ಆಮೇಲೆ ಚರ್ಚಿನ ಬಾಗಿಲಲ್ಲೇ ಹರಾಜು. ಅಂಥವರಿಗೆ ನಾನು ಹೋಗಿ ಏನು ಬೋಧನೆ ಮಾಡಲಿ? ಅವರೇ ನನಗೆ ಕಲಿಸಬೇಕು.

ಈಗ ನಿಜವಾದ ಕಥೆಗೆ ಬರುತ್ತೇನೆ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ನಾವು ಐದು ವಾರ ಅಲ್ಲಿದ್ದೆವಲ್ಲ, ಆಗ ನಾವು ಹೋದದ್ದು 64 ಮಕ್ಕಳಿರುವ ಒಂದು ಅನಾಥಾಲಯಕ್ಕೆ. ಇವಳಿಗೆ ಮಕ್ಕಳ ವಾರ್ಡಿನಲ್ಲಿ ಹದಿನಾಲ್ಕು ವರ್ಷದ ಅನುಭವ, ಅಲ್ಲಿ ಫಿಟ್ಸ್ ಬರುವ, ಕೈಕಾಲು ಸ್ವಾಧೀನ ಇಲ್ಲದ ಮಕ್ಕಳು ಕೆಲವರಿದ್ದಾರೆ, ನರ್ಸ್ ಬೇಕು ಅಂತ ಪರಿಚಯದವರು ಕೇಳಿದ್ದರು. ನನಗೆ ಅವರ ಲೆಕ್ಕದ ಪುಸ್ತಕ ಕೊಟ್ಟರು. ಹಳೆಯ ಆಡಳಿತದವರು ಬಿಟ್ಟುಹೋಗಿ, ಅಲ್ಲಿಯ ಸಭೆಯವರೇ ನಡೆಸಲು ಶುರುಮಾಡಿ ಆಗಿನ್ನೂ ಒಂದು ವರ್ಷ. ಕಡತ ತೆಗೆದು ನೋಡಿ ಅವರೇ ಗಾಬರಿಯಾಗಿದ್ದರು.

ಎಂಟು ವರ್ಷದ ಒಬ್ಬ ಹುಡುಗ. ಕಡತದಲ್ಲಿ ತಂದೆ ಇಲ್ಲ, ತಾಯಿ ಇಲ್ಲ, ಸಂಬಂಧಿಕರು ಇಲ್ಲ ಅಂತ ಬರೆದಿತ್ತು. ಅವನ ಫೋಟೋ ಯಾವುದೋ ದೇಶದ ಯಾರದೋ ಫ್ರಿಜ್ ಮೇಲೆ ಇದೆ, ಅವರು ತಿಂಗಳು ತಿಂಗಳು ದುಡ್ಡು ಕಳಿಸುತ್ತಾರೆ. ಒಂದು ದಿನ ಇವಳು ಅವನ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟುವಾಗ ಅವನು ಸುಮ್ನೆ ಮಾತಿಗೆ ಹೇಳಿದನಂತೆ, ನಮ್ಮ ಜಾಜ್ಜಾ ಗೋಂಜಾ ಮಾರುತ್ತಾಳೆ ಅಂತ. ಗೋಂಜಾ ಅಂದರೆ ಒಂದು ಜಾತಿ ಬಾಳೆಹಣ್ಣು, ಕೆಂಡದ ಮೇಲೆ ಸುಟ್ಟು ರಸ್ತೆ ಬದಿಯಲ್ಲಿ ಮಾರುತ್ತಾರೆ. ಜಾಜ್ಜಾ ಅಂದರೆ ಅಜ್ಜಿ. ಅಜ್ಜನಿಗೂ ಅದೇ ಪದ. ಜಾಜ್ಜಾ, ಅಜ್ಜ. ನನಗಂತೂ ಮೈ ಝುಂ ಅಂದಿತು.

ಅಲ್ಲಿ ಒಬ್ಬಳು ಸಮಾಜ ಕಾರ್ಯಕರ್ತೆ ಇದ್ದಾಳೆ, ಅದೇ ಊರಿನ ಹುಡುಗಿ. ಅವಳು ಮಾರನೇ ದಿನ ಬೋಡಾ ಬೋಡಾ ಹತ್ತಿ, ಅಂದರೆ ಬಾಡಿಗೆ ಬೈಕು, ಬಸ್ ನಿಲ್ಲುವ ಜಾಗಗಳನ್ನೆಲ್ಲ ಸುತ್ತಿದಳು. ಅಜ್ಜಿ ಸಿಕ್ಕಳು. ಹುಡುಕಲು ಹಿಡಿದದ್ದು ಒಂದೂವರೆ ತಾಸು. ಹುಡುಗ ಅನಾಥಾಲಯದಲ್ಲಿ ಇದ್ದದ್ದು ನಾಲ್ಕು ವರ್ಷ.

ಒಂದು ವಾರ ಬಿಟ್ಟು ಹುಡುಗನನ್ನು ಕರೆದುಕೊಂಡು ಹೋದರು, ನಾವೂ ಹಿಂದೆ ದೂರ ನಿಂತಿದ್ದೆವು. ಆ ಮುದುಕಿ ಅಳಲಿಲ್ಲ, ಓಡಿ ಬಂದು ತಬ್ಬಿಕೊಳ್ಳಲೂ ಇಲ್ಲ. ಕೊಡದಿಂದ ನೀರು ಬಗ್ಗಿಸಿ ಅವನ ಕೈ ತೊಳೆಸಿದಳು. ಒಲೆಯ ಮೇಲಿದ್ದ ಒಂದು ಹಣ್ಣನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ಅವನು ಊದಿ ಊದಿ ಪೂರ್ತಿ ತಿನ್ನುವ ತನಕ ನೋಡುತ್ತಾ ಕೂತು, ಆಮೇಲೆ ಕೇಳಿದಳು: "ಶಾಲೆಗೆ ರಜೆ ಬಿಟ್ಟಿತಾ?"

ಅವಳು ಅದನ್ನು ಬೋರ್ಡಿಂಗ್ ಶಾಲೆ ಅಂತ ತಿಳಿದಿದ್ದಳು. ಯಾರೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಊಟ, ಬಟ್ಟೆ, ಶಾಲೆ ಎಲ್ಲ ಫುಕಟ್ಟೆ ಅಂದಿದ್ದರು. ಅಲ್ಲಿ 1997ರಿಂದ ಪ್ರಾಥಮಿಕ ಶಾಲೆಗೆ ಫೀ ಇಲ್ಲ ಅಂತ ಹೆಸರಿಗೆ ಇದೆ, ಆದರೆ ಯೂನಿಫಾರ್ಮ್, ಮಧ್ಯಾಹ್ನದ ಗಂಜಿ, ಪರೀಕ್ಷೆ ಕಾಗದ ಅಂತ ಏನಾದರೊಂದು ಕೇಳುತ್ತಲೇ ಇರುತ್ತಾರೆ. ಗೋಂಜಾ ಮಾರಿ ಅದನ್ನೆಲ್ಲ ಎಲ್ಲಿಂದ ತರುತ್ತಾಳೆ? ಕೊಟ್ಟುಬಿಟ್ಟಳು.

ಮಸಾಕಾ, ಅದರ ಪಕ್ಕದ ರಾಕಾಯಿ ಅಂದರೆ ಉಗಾಂಡಾದಲ್ಲಿ ಏಡ್ಸ್ ಮೊದಲು ಹೊಡೆದ ಸೀಮೆ. ವಿಕ್ಟೋರಿಯಾ ಸರೋವರದ ದಡದ ಕಸೆನ್ಸೆರೊ ಅನ್ನುವ ಮೀನುಗಾರರ ಹಳ್ಳಿಯಲ್ಲಿ 1982ರ ಸುಮಾರಿಗೆ ಜನ ಒಣಗಿ ಒಣಗಿ ಸಾಯಲು ಶುರುವಾದಾಗ ಅದಕ್ಕೆ 'ಸ್ಲಿಮ್' ಅಂತ ಹೆಸರಿಟ್ಟಿದ್ದರು, ಸಣಕಲಾಗುವ ರೋಗ ಅಂತ. ಔಷಧಿ ಬಡವರ ಕೈಗೆ ಸಿಗುವ ಹೊತ್ತಿಗೆ 2000 ದಾಟಿತ್ತು. ನಡುವಿನ ಒಂದು ತಲೆಮಾರೇ ಹೋಯಿತು. ಉಳಿದವರು ಮುದುಕಿಯರು ಮತ್ತು ಮೊಮ್ಮಕ್ಕಳು. ಎಷ್ಟೋ ಮಕ್ಕಳನ್ನು ಸಾಕಿದ್ದು ಅನಾಥಾಲಯ ಅಲ್ಲ ದೋಸ್ತ, ಆ ಜಾಜ್ಜಾಗಳು. ಎಂಟು, ಹತ್ತು ಮೊಮ್ಮಕ್ಕಳನ್ನು ಒಂದೇ ತಗಡಿನ ಮನೆಯಲ್ಲಿ.

ಯುನಿಸೆಫ್ ಲೆಕ್ಕ ಕೇಳಿದರೆ ನಿನಗೆ ಆಶ್ಚರ್ಯ ಆಗುತ್ತದೆ. 2015ರಲ್ಲಿ ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥ ಮಕ್ಕಳು. ಆದರೆ ಅವರ ಪ್ರಕಾರ ಅಪ್ಪ, ಅವ್ವ ಇಬ್ಬರಲ್ಲಿ ಒಬ್ಬರು ಸತ್ತರೂ ಅನಾಥ. ಇಬ್ಬರನ್ನೂ ಕಳೆದುಕೊಂಡವರು ಒಂದೂವರೆ ಕೋಟಿ. ಅವರಿಗೂ ಅಜ್ಜಿ, ಸೋದರಮಾವ, ದೊಡ್ಡವ್ವ ಯಾರಾದರೂ ಇದ್ದೇ ಇರುತ್ತಾರೆ ಜಾಸ್ತಿ ಕಡೆ. ನೋಡುವವರು 14 ಕೋಟಿ ಅಂತ ಓದಿ, ಕಣ್ಣೀರು ಹಾಕಿ, ಕಟ್ಟಡ ಕಟ್ಟಿಸಲು ದುಡ್ಡು ಕಳಿಸುತ್ತಾರೆ. ಕಟ್ಟಡ ಕಟ್ಟಿದ ಮೇಲೆ ಅದನ್ನು ತುಂಬಿಸಲು ಮಕ್ಕಳು ಬೇಕಲ್ಲ? ಬಡವರ ಮನೆಗಳಿಂದ ಬರುತ್ತಾರೆ. ವಿದೇಶದವರು ಕೋರ್ಟಿನಿಂದ ಪಾಲಕತ್ವದ ಕಾಗದ ಮಾಡಿಸಿಕೊಂಡು, ದತ್ತು ಕಾನೂನನ್ನು ಪಕ್ಕಕ್ಕಿಟ್ಟು ಮಕ್ಕಳನ್ನು ಕರೆದುಕೊಂಡು ಹೋಗುವುದೂ ಅಲ್ಲಿ ನಡೆದಿತ್ತು. 2016ರಲ್ಲಿ ಕಾನೂನು ತಿದ್ದಿ ಆ ಸಂದಿ ಮುಚ್ಚಿದರು.

ಅವತ್ತು ರಾತ್ರಿ ಸೊಳ್ಳೆಪರದೆ ಒಳಗೆ ಮಲಗಿ ಇವಳು ಹೇಳಿದಳು, "ಕೀರ್ತನೆಗಳಲ್ಲಿ ಇದೆಯಲ್ಲ, ಒಂಟಿಯಾದವರನ್ನು ದೇವರು ಮನೆ ಸೇರಿಸುತ್ತಾನೆ ಅಂತ. ಮನೆ ಅಂತಿದೆ. ಹಾಸ್ಟೆಲ್ ಅಂತಿಲ್ಲ." ನಾನು ಏನೂ ಅನ್ನಲಿಲ್ಲ. ನನ್ನ ತಲೆಯಲ್ಲಿ ನಮ್ಮ ಮುತ್ತಜ್ಜ ಓಡುತ್ತಿದ್ದ.

ಅವನ ಕಥೆ ನಿನಗೆ ಅರ್ಧ ಗೊತ್ತು. 1876ರಿಂದ 78ರವರೆಗೆ ಬಿದ್ದ ದೊಡ್ಡ ಬರ, ಹಿರಿಯರು ಧಾತು, ಈಶ್ವರ ಸಂವತ್ಸರದ ಬರ ಅನ್ನುತ್ತಿದ್ದರು, ಆಗ ಬಾದಾಮಿ ಕಡೆಯ ಹಳ್ಳಿಯಿಂದ ಬಂದ ಆರು ವರ್ಷದ ಹುಡುಗನನ್ನು ಬಾಸೆಲ್ ಮಿಶನ್‌ನವರು ಸಾಕಿದರು, ಓದಿಸಿದರು, ನೇಯ್ಗೆ ಕಲಿಸಿದರು. ನಾವು ಕ್ರೈಸ್ತರಾದದ್ದು ಹಾಗೆ. ಶಾಲೆಯಲ್ಲಿ ನಿನಗೆ ಇಷ್ಟನ್ನೇ ಹೇಳಿದ್ದೆ. ಉಳಿದರ್ಧ ನಮ್ಮಜ್ಜ ಸಾಯುವ ಮುಂಚೆ, 1992ರಲ್ಲಿ, ಹೇಳಿದ್ದು. ಮುತ್ತಜ್ಜನ ತಾಯಿ ಸತ್ತಿರಲಿಲ್ಲ. ಮಗ ಸಾಯಬಾರದು ಅಂತ ಮಿಶನ್ ಗೇಟಿನ ಮುಂದೆ ಅವಳೇ ಬಿಟ್ಟುಹೋದಳು. ಬರ ಮುಗಿದ ಮೇಲೆ ವಾಪಸ್ ಬಂದಳು. ಅಷ್ಟರಲ್ಲಿ ಹುಡುಗನಿಗೆ ಹೊಸ ಹೆಸರು, ಹೊಸ ದೇವರು. ಅವಳಿಗೆ ಕೊಡಲಿಲ್ಲವೋ, ಅವನೇ ಹೋಗಲಿಲ್ಲವೋ, ಅಜ್ಜನಿಗೂ ಸರಿಯಾಗಿ ಗೊತ್ತಿರಲಿಲ್ಲ. ಭಾನುವಾರ ಭಾನುವಾರ ಬಂದು ಗೋಡೆಯ ಹೊರಗಿನ ಬೇವಿನ ಮರದ ಕೆಳಗೆ ರೊಟ್ಟಿ ಗಂಟು ಇಟ್ಟುಕೊಂಡು ಕೂರುತ್ತಿದ್ದಳಂತೆ. ಎಷ್ಟು ವರ್ಷ ಅಂತ ಗೊತ್ತಿಲ್ಲ. ಹೆಸರೂ ಗೊತ್ತಿಲ್ಲ. ನಮ್ಮ ಮನೆಯ ಸತ್ಯವೇದದ ಮೊದಲ ಪುಟದಲ್ಲಿ ವಂಶಾವಳಿ ಬರೆದಿದ್ದಾರೆ ನೋಡು, ಅದು ಮುತ್ತಜ್ಜನಿಂದಲೇ ಶುರು, ಅವನ ಹೆಸರಿನ ಪಕ್ಕ 'ಅನಾಥ' ಅಂತ ಇದೆ.

ಮಿಶನ್‌ನವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅನ್ನ ಹಾಕದಿದ್ದರೆ ಇವತ್ತು ಈ ಕಾಗದ ಬರೆಯಲು ನಾನೇ ಇರುತ್ತಿರಲಿಲ್ಲ. ಆದರೆ ಆ ಒಂದು ಪದ ಸುಳ್ಳು.

ಹಾಗಾಗಿ ನಾವು ಹೋಗುತ್ತಿರುವುದು ಅನಾಥಾಲಯ ಕಟ್ಟಲು ಅಲ್ಲ, ಇರುವುದನ್ನು ಖಾಲಿ ಮಾಡಲು. ಒಂದೊಂದೇ ಮಗುವಿನ ಮನೆ ಹುಡುಕಬೇಕು. ಸಿಕ್ಕ ಕೂಡಲೇ ಬಿಟ್ಟುಬರುವುದಲ್ಲ, ಆ ಮನೆಯಲ್ಲಿ ಹಾಸಿಗೆ ಇದೆಯಾ, ಕುಡುಕ ಚಿಕ್ಕಪ್ಪ ಇದ್ದಾನಾ, ಶಾಲೆ ಎಷ್ಟು ದೂರ, ಇದೆಲ್ಲ ನೋಡಬೇಕು, ಎರಡು ವರ್ಷ ಹೋಗಿ ಬಂದು ಮಾಡಬೇಕು. ಹತ್ತು ಹನ್ನೆರಡು ಮಕ್ಕಳಿಗೆ ನಿಜಕ್ಕೂ ಯಾರೂ ಇಲ್ಲ, ಅಥವಾ ಮನೆಯವರಿಂದ ನೋಡಿಕೊಳ್ಳಲು ಆಗದಷ್ಟು ಕಾಯಿಲೆ. ಅವರಿಗೆ ಸಾಕುವ ಮನೆಗಳನ್ನು ಹುಡುಕಬೇಕು, ಇವಳ ಕೆಲಸ ಅಲ್ಲಿ. ಹುಡುಕುವುದು ಆ ಊರಿನವರೇ ಮಾಡುವ ಕೆಲಸ, ಭಾಷೆ ಬರದ ನಾನು ಗಾಡಿ ಓಡಿಸುತ್ತೇನೆ, ಲೆಕ್ಕ ಬರೆಯುತ್ತೇನೆ. ಲೆಕ್ಕದ್ದೇ ದೊಡ್ಡ ತಲೆನೋವು. ದಾನಿಗಳು ಮಗುವಿಗೆ ಇಷ್ಟು ಅಂತ ಕೊಡುತ್ತಾರೆ, ಮಕ್ಕಳು ಮನೆ ಸೇರಿದಷ್ಟೂ ದುಡ್ಡು ಕಡಿಮೆಯಾಗುತ್ತದೆ. ಫೋಟೋದಲ್ಲಿ ಅಜ್ಜಿ ಪಕ್ಕ ನಗುತ್ತಾ ನಿಂತ ಹುಡುಗನಿಗೆ ಯಾರೂ ದುಡ್ಡು ಕಳಿಸುವುದಿಲ್ಲ ಮಾರಾಯ.

ನಿನ್ನ ಪ್ರಶ್ನೆಗೆ ಉತ್ತರ ಇನ್ನೂ ಕೊಟ್ಟಿಲ್ಲ ಅಲ್ವಾ? ಇಲ್ಲೇ ಯಾಕೆ ಮಾಡಬಾರದು. ಮಾಡಬಹುದು. ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇದೆ, ಕಾನೂನಿದೆ, ಕೆಲಸವೂ ಬೇಕಾದಷ್ಟಿದೆ. ಇಷ್ಟು ವರ್ಷ ಇಲ್ಲಿದ್ದೂ ನಾವು ಮಾಡಲಿಲ್ಲ, ಅಷ್ಟೇ. ಮಸಾಕಾದವರು ಬನ್ನಿ ಅಂದರು. ನಾವು ಪ್ರಾರ್ಥನೆ ಮಾಡಿದೆವು, ಎಂಟು ತಿಂಗಳು, ಬೇಡ ಅನ್ನುವ ಕಾರಣ ಸಿಗಲಿ ಅಂತಲೇ ನಾನು ಕಾಯುತ್ತಿದ್ದೆ. ಸಿಗಲಿಲ್ಲ. ಇದಕ್ಕಿಂತ ಚಂದದ ಉತ್ತರ ನನ್ನ ಹತ್ತಿರ ಇಲ್ಲ.

ಸಣ್ಣವ ಖುಷಿಯಾಗಿದ್ದಾನೆ. ಅಲ್ಲಿ ಚಪಾತಿಗೆ ಚಪಾತಿ ಅಂತಲೇ ಅನ್ನುತ್ತಾರೆ, ಅದರೊಳಗೆ ಆಮ್ಲೆಟ್ ಸುತ್ತಿ ಕೊಟ್ಟರೆ ರೋಲೆಕ್ಸ್, ಅವನಿಗೆ ಅಷ್ಟು ಸಾಕು. ದೊಡ್ಡವಳು ಮೂರು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು. ಪಿಯುಸಿಗೆ ಧಾರವಾಡಕ್ಕೇ ಬರುತ್ತೇನೆ ಅಂತ ಕಾಗದದ ಮೇಲೆ ಬರೆಸಿಕೊಂಡು ಸಹಿ ಹಾಕಿಸಿಕೊಂಡಿದ್ದಾಳೆ, ಸಾಕ್ಷಿಗೆ ನಿನ್ನ ಹೆಸರು ಹಾಕಿದ್ದಾಳೆ.

ಅವ್ವನದ್ದೇ ಕಷ್ಟ. ಎಲ್ಲ ಕೇಳಿಸಿಕೊಂಡು, ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದಳು: "ಮಂದಿ ಮೊಮ್ಮಕ್ಕಳನ್ನ ಅವರ ಅಜ್ಜಿಗೆ ಕೊಡಿಸಾಕ, ನನ್ನ ಮೊಮ್ಮಕ್ಕಳನ್ನ ನನ್ನ ಕಡಿಂದ ಬಿಡಿಸಿಕೊಂಡು ಹೊಂಟಿಯೇನಪಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಆಗಲೂ ಇರಲಿಲ್ಲ. ಜೊತೆಗೆ ಬಾ ಅಂದರೆ ಬರುವುದಿಲ್ಲ. ಅಕ್ಕ ಹುಬ್ಬಳ್ಳಿಯಿಂದ ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ, ಕೆಳಗಿನ ಮನೆಯವರು ಇದ್ದಾರೆ. ಆದರೂ ಭಾನುವಾರ ನೀನು ಒಮ್ಮೆ ಹೋಗಿ ಬಾ ದೋಸ್ತ. ಚರ್ಚಿನಿಂದ ಹನ್ನೊಂದಕ್ಕೆ ಬಂದಿರುತ್ತಾಳೆ. ಬಿಪಿ ಗುಳಿಗೆ ತಗೊಂಡೆ ಅಂತ ಸುಳ್ಳು ಹೇಳುತ್ತಾಳೆ, ಪಟ್ಟಿಯಲ್ಲಿ ಎಷ್ಟು ಉಳಿದಿದೆ ಅಂತ ಎಣಿಸು. ವಿಡಿಯೋ ಕಾಲ್ ಹಚ್ಚಿಕೊಡು, ಅಲ್ಲಿ ನಮಗಿಂತ ಎರಡೂವರೆ ತಾಸು ಹಿಂದೆ, ನಾವು ಆರಾಧನೆಗೆ ಹೊರಡುವ ಮುಂಚೆ ಸಿಗುತ್ತೇವೆ. ರೊಟ್ಟಿ ತಿನ್ನು ಅಂದರೆ ಹೊಟ್ಟೆ ತುಂಬಿದೆ ಅನ್ನಬೇಡ.