ರಜೆಯ ಮೆಸೇಜಿಗೆ ಕಾಯಬೇಡಿ: ಕಡಲ ಬದಿಯ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಶಾಲೆ ಶುರುವಾಗಿದೆ, ಮಳೆಯೂ ಹಿಡಿದಿದೆ. ಪುಸ್ತಕ, ಯೂನಿಫಾರ್ಮ್, ಮಧ್ಯಾಹ್ನದ ಊಟದ ವಿಷಯ ಪಿಟಿಎ ಸಭೆಯಲ್ಲಿ ಮಾತಾಡೋಣ. ಈ ಪತ್ರ ಕಡಲಿನ ಬಗ್ಗೆ ಮಾತ್ರ. ನಮ್ಮ ಎಷ್ಟೋ ಮಕ್ಕಳ ಮನೆ ಕಡಲ ಬದಿಯಲ್ಲೇ ಇದೆ. ಅವರು ಶಾಲೆಗೆ ನಡೆದು ಬರುವ ದಾರಿಯೂ ಅದೇ.

ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ದಾರಿಗೆ ಕಡಲ ನೀರು ಬಂದಿದ್ದರೆ ಮಗುವನ್ನು ಶಾಲೆಗೆ ಕಳಿಸಬೇಡಿ. ರಜೆ ಕೊಟ್ಟಿದ್ದಾರಾ ಇಲ್ವಾ ಅಂತ ನೋಡುತ್ತಾ ಕೂರಬೇಡಿ. ಜಿಲ್ಲಾಧಿಕಾರಿಗಳು ರಜೆ ಕೊಡುವುದು ನಮ್ಮ ಇಡೀ ಕಾಸರಗೋಡು ಜಿಲ್ಲೆಯ ಸ್ಥಿತಿ ನೋಡಿ. ಒಳನಾಡಿನ ಮುಳ್ಳೇರಿಯದಲ್ಲಿ ಬಿಸಿಲಿರುವ ದಿನವೇ ಕಡಲ ಬದಿಯ ಮುಸೋಡಿಯಲ್ಲಿ ಅಲೆ ರಸ್ತೆ ದಾಟಬಹುದು. ನಿಮ್ಮ ಮನೆ ಎದುರಿನ ಕಡಲು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಕ್ಲಾಸ್ ಟೀಚರಿಗೆ ಒಂದು ಫೋನ್ ಮಾಡಿ, ಸಾಕು. ರಜಾ ಚೀಟಿ ಬೇಡ. ಆ ದಿನದ ಪಾಠವನ್ನು ಮಗು ಬಂದ ಮೇಲೆ ನಾವೇ ಕೂರಿಸಿ ಹೇಳಿಕೊಡುತ್ತೇವೆ.

ಒಂದು ವಿಷಯದಲ್ಲಿ ತುಂಬಾ ಜನರಿಗೆ ಗೊಂದಲ ಇದೆ. ಟಿವಿಯಲ್ಲಿ ಹೇಳುವ ಹಳದಿ, ಕಿತ್ತಳೆ, ಕೆಂಪು ಅಲರ್ಟ್ ಹೆಚ್ಚಾಗಿ ಮಳೆಯ ಲೆಕ್ಕ. 24 ಗಂಟೆಯಲ್ಲಿ 64.5 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುವ ಸೂಚನೆ ಇದ್ದರೆ ಹಳದಿ, 115.5 ದಾಟಿದರೆ ಕಿತ್ತಳೆ, 204.4 ದಾಟಿದರೆ ಕೆಂಪು. ಕಡಲಿನ ಎಚ್ಚರಿಕೆ ಬೇರೆಯೇ ಬರುತ್ತದೆ. ಅದನ್ನು ಕೊಡುವುದು ಹೈದರಾಬಾದಿನ ಇನ್‌ಕಾಯ್ಸ್ ಎಂಬ ಕೇಂದ್ರ ಸರಕಾರದ ಸಂಸ್ಥೆ. ಹಾಗಾಗಿ "ಇವತ್ತು ಅಲರ್ಟ್ ಇಲ್ಲ" ಅಂದ ಕೂಡಲೇ ಕಡಲೂ ಸುಮ್ಮನಿದೆ ಅಂದುಕೊಳ್ಳಬೇಡಿ. ಕಡಲಿನ ಎಚ್ಚರಿಕೆಯಲ್ಲಿ ಅಲೆಯ ಎತ್ತರ 3 ಮೀಟರ್ ಅಂತ ಇದ್ದರೆ ಅದು ದೊಡ್ಡ ಅಲೆಗಳ ಸರಾಸರಿ. ನಡುವೆ ಒಂದೊಂದು ಅಲೆ ಅದರ ಹೆಚ್ಚುಕಡಿಮೆ ಎರಡು ಪಟ್ಟು ಏಳಬಹುದು.

ಕಳ್ಳಕ್ಕಡಲ್, ಅಂದರೆ ಕಳ್ಳನ ಹಾಗೆ ಸುಳಿವಿಲ್ಲದೆ ಏರುವ ಕಡಲು, ಅಂತೂ ಮಳೆ, ಗಾಳಿ ಯಾವುದೂ ಇಲ್ಲದೆ ಬರುತ್ತದೆ. ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ, ಇಲ್ಲಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ ಬಿರುಗಾಳಿ ಏಳುತ್ತದೆ. ಅಲ್ಲಿ ಹುಟ್ಟಿದ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ತೀರ ಮುಟ್ಟುತ್ತವೆ. ಇಲ್ಲಿ ಆಕಾಶ ಸ್ವಚ್ಛ ಇರುತ್ತದೆ, ತೆಂಗಿನ ಗರಿಯೂ ಅಲುಗುವುದಿಲ್ಲ. 2024ರ ಮಾರ್ಚ್ 31ರಂದು ಕೇರಳದ ಹಲವು ಕಡೆ ನೀರು ಮನೆಗಳಿಗೆ ನುಗ್ಗಿದ್ದು ಹೀಗೆಯೇ. ಬೇಸಿಗೆಯಲ್ಲಿ ಇದು ಜಾಸ್ತಿ. ಆದ್ದರಿಂದ ಕಡಲಿನ ಎಚ್ಚರಿಕೆಯನ್ನು ನಾಲ್ಕು ತಿಂಗಳ ಮಳೆಗಾಲದ ಮಾತು ಅಂತ ಬಿಡಬೇಡಿ. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳು ಇಡೀ ದಿನ ಮರಳಿನಲ್ಲೇ ಇರುತ್ತಾರೆ, ಅಲ್ವಾ?

ಚಂಡಮಾರುತದ ವಿಷಯದಲ್ಲೂ ದೂರ ಇದೆ ಅನ್ನುವ ಧೈರ್ಯ ಒಳ್ಳೆಯದಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ತೀರಕ್ಕೆ ಅಪ್ಪಳಿಸಲೇ ಇಲ್ಲ. ಅದು ಕಡಲಿನಲ್ಲೇ ಉತ್ತರಕ್ಕೆ ಹೋಗಿ 17ರಂದು ಗುಜರಾತಿನಲ್ಲಿ ನೆಲ ಮುಟ್ಟಿತು. ಹಾಗಿದ್ದರೂ ಅದು ಎಬ್ಬಿಸಿದ ಅಲೆಗಳಿಂದ ಮುಸೋಡಿಯಲ್ಲಿ ಏನಾಯಿತು ಅನ್ನುವುದು ನಿಮ್ಮಲ್ಲಿ ಅನೇಕರಿಗೆ ಕಣ್ಣಾರೆ ಗೊತ್ತು.

ನಮ್ಮ ಕಡೆ ಭರತ (ಕಡಲಿನ ಉಬ್ಬರ) ಮತ್ತು ಇಳಿತದ ನಡುವೆ ಎರಡು ಮೀಟರಿನ ವ್ಯತ್ಯಾಸವೂ ಇಲ್ಲ. ಬರೀ ಭರತಕ್ಕೆ ಹೆದರಬೇಕಾಗಿಲ್ಲ. ಆದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ ಏರಿರುವಾಗಲೇ ದೊಡ್ಡ ಅಲೆಯೂ ಪಡುವಣ ಗಾಳಿಯೂ ಸೇರಿದರೆ ನೀರು ಅಂಗಳಕ್ಕೆ ಬರುತ್ತದೆ. ಭರತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಿನ್ನೆ ಈ ಹೊತ್ತಿಗೆ ದಾರಿ ಒಣಗಿತ್ತು ಅಂತ ಇವತ್ತು ಮಗುವನ್ನು ಒಂಟಿಯಾಗಿ ಬಿಡಬೇಡಿ. ಆರನೇ, ಏಳನೇ ತರಗತಿ ಮಕ್ಕಳಿಗೆ ಭರತದ ಪಟ್ಟಿ ಓದಲು ಈ ವರ್ಷ ಕಲಿಸುತ್ತೇವೆ. ಮನೆಯಲ್ಲಿ ಅಜ್ಜಂದಿರಿದ್ದರೆ ಅವರ ಲೆಕ್ಕವನ್ನೂ ಮಕ್ಕಳು ಕೇಳಿ ಬರೆದು ತರಲಿ. ಪಟ್ಟಿ ನೋಡದೆಯೇ ಹೊತ್ತು ಹೇಳುವವರು ನಮ್ಮೂರಿನಲ್ಲಿ ಇನ್ನೂ ಇದ್ದಾರೆ. ಆ ತಿಳಿವಳಿಕೆ ಮಕ್ಕಳಿಗೂ ಸಿಗಬೇಕು ಅನ್ನುವುದು ನನ್ನ ಆಸೆ.

ನನಗೆ ಅತಿ ಹೆಚ್ಚು ಭಯ ಇರುವುದು ತಡೆಗೋಡೆಯ ಕಲ್ಲುಗಳ ಮೇಲೆ. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿ ಹತ್ತಿ ಅಲೆ ನೋಡುತ್ತಾರೆ, ದೊಡ್ಡವರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. ಅಲೆಗಳು ಒಂದೇ ಸಮ ಬರುವುದಿಲ್ಲ. ತುಂಬಾ ಹೊತ್ತು ಸಣ್ಣವು ಬಂದು, ಆಮೇಲೆ ಒಮ್ಮೆಲೇ ಎರಡು ಮೂರು ದೊಡ್ಡವು ಬರುತ್ತವೆ. ಪಾಚಿ ಹಿಡಿದ ಕಲ್ಲು ಜಾರುತ್ತದೆ. ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿದರೆ ಎಳೆಯಲು ಸಮಯ ಸಿಗುವುದಿಲ್ಲ. ಗೋಡೆ ಮುಗಿಯುವ ಜಾಗದಲ್ಲಿ ಕೊರೆತ ಇನ್ನೂ ಜೋರು. ಅಲ್ಲಿ ಮೇಲೆ ಗಟ್ಟಿ ಕಾಣುವ ಮರಳಿನ ಅಡಿ ಪೊಳ್ಳಾಗಿರಬಹುದು. ಶಿರಿಯ, ಕುಂಬಳೆ ಅಳಿವೆಯ ಹತ್ತಿರವೂ ಮಕ್ಕಳನ್ನು ಬಿಡಬೇಡಿ. ದೊಡ್ಡ ಯಾಂತ್ರಿಕ ದೋಣಿಗಳಿಗೆ ಟ್ರಾಲಿಂಗ್ ನಿಷೇಧ ಜುಲೈ 31ರವರೆಗೆ ಇದ್ದರೂ ನಾಡದೋಣಿಗಳು ಹೋಗುತ್ತವೆ. ದೋಣಿ ಎಳೆಯುವಾಗ ಸಹಾಯಕ್ಕೆ ಅಂತ ಮಕ್ಕಳನ್ನು ಕರೆಯಬೇಡಿ. ಇದು ನನ್ನ ಕಳಕಳಿಯ ವಿನಂತಿ.

ಮಕ್ಕಳು ಶಾಲೆಯಲ್ಲಿರುವಾಗಲೇ ಕಡಲು ಏರಿದರೆ ಗಾಬರಿಯಾಗಿ ಓಡಿ ಬರಬೇಡಿ. ನಿಮ್ಮ ಮನೆ, ನಿಮ್ಮ ಜೀವ ಮೊದಲು ನೋಡಿಕೊಳ್ಳಿ. ಮನೆಯವರು ಬಂದು ಕರೆದುಕೊಂಡು ಹೋಗುವವರೆಗೆ, ಎಷ್ಟೇ ಹೊತ್ತಾಗಲಿ, ಮಕ್ಕಳು ನಮ್ಮ ಜೊತೆ ಇರುತ್ತಾರೆ. ಊಟವೂ ಇರುತ್ತದೆ. ತುರ್ತು ಇದ್ದರೆ 112ಕ್ಕೆ ಅಥವಾ ಜಿಲ್ಲಾ ತುರ್ತು ಕೇಂದ್ರದ 1077ಕ್ಕೆ ಫೋನ್ ಮಾಡಿ.

ನೀರು ಇಳಿದ ಮೇಲೆ ಬಾವಿ ನೀರು ಉಪ್ಪಾಗಿದ್ದರೆ ಕುಡಿಯಬೇಡಿ, ಮಕ್ಕಳ ಬಾಟಲಿ ಶಾಲೆಯಲ್ಲೇ ತುಂಬಿಸಿಕೊಳ್ಳಲಿ. ಕೆಸರು ನೀರಿನಲ್ಲಿ ಓಡಾಡಿದವರಿಗೆ ಜ್ವರ ಬಂದರೆ ಇಲಿಜ್ವರ ಇರಬಹುದು. ಮನೆಮದ್ದು ಮಾಡುತ್ತಾ ಕೂರದೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಧಾರ್, ರೇಷನ್ ಕಾರ್ಡ್, ಜನನ ಪ್ರಮಾಣಪತ್ರ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮೇಲೆ ಇಟ್ಟುಕೊಳ್ಳಿ. ಮಗುವಿನ ಪುಸ್ತಕ ಹೋದರೆ ಹೋಗಲಿ. ಒದ್ದೆ ಪುಸ್ತಕಕ್ಕಾಗಿ ಯಾರೂ ಮನೆಯೊಳಗೆ ಮರಳಿ ಹೋಗಬೇಡಿ. ಅದನ್ನು ನಾವು ಹೊಂದಿಸಿ ಕೊಡುತ್ತೇವೆ. ಯೂನಿಫಾರ್ಮ್ ಇಲ್ಲದೆ ಬಂದರೂ ಯಾವ ಟೀಚರೂ ಕೇಳುವುದಿಲ್ಲ.

ಕಡಲ ಬದಿಯವರಿಗೆ ಬೇರೆ ಕಡೆ ಮನೆ ಮಾಡಿಕೊಳ್ಳಲು ಕೇರಳ ಸರಕಾರ ನೆರವು ಕೊಡುವ ಪುನರ್ಗೇಹಂ ಯೋಜನೆಯಲ್ಲಿ ಕಡಲಿನಿಂದ 50 ಮೀಟರ್ ಒಳಗಿನ ಮನೆಯವರಿಗೆ ಜಾಗ ಮತ್ತು ಮನೆಗೆ ಸೇರಿ 10 ಲಕ್ಷ ರೂಪಾಯಿ ಇದೆ. ಈಗಿನ ಬೆಲೆಗೆ ಅದು ಸಾಲದು ಅನ್ನುವ ನಿಮ್ಮ ಮಾತು ಸರಿ. ಕಡಲು ಬಿಟ್ಟು ದೂರ ಹೋದರೆ ದುಡಿಮೆ ಹೇಗೆ ಅನ್ನುವ ಚಿಂತೆಯೂ ಸರಿ. ಹೋಗಿ, ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಮನೆ ಬದಲಿಸುವುದಾದರೆ ನಮಗೆ ಮೊದಲೇ ತಿಳಿಸಿ. ಮಗುವಿನ ಕಲಿಕೆ, ಅದರಲ್ಲೂ ಕನ್ನಡ ಕಲಿಕೆ, ನಡುವೆ ನಿಲ್ಲದಂತೆ ದಾರಿ ಹುಡುಕೋಣ.

ಎಚ್ಚರಿಕೆಯ ಮೆಸೇಜ್ ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ. ಓದಲು ಕಷ್ಟ ಅಂತ ಕೆಲವು ತಾಯಂದಿರು ಹೇಳಿದ್ದೀರಿ. ಇನ್ನು ಮುಂದೆ ಅದನ್ನು ಕನ್ನಡದಲ್ಲಿ ಬರೆದು ಕ್ಲಾಸ್ ಗ್ರೂಪಿಗೆ ಹಾಕುತ್ತೇವೆ. ಜೊತೆಗೆ ತುಳುವಿನಲ್ಲಿ ಮಾತಾಡಿದ ಧ್ವನಿಯನ್ನೂ ಕಳಿಸುತ್ತೇವೆ. ನಿಮ್ಮ ನಂಬರ್ ಬದಲಾಗಿದ್ದರೆ ಈ ವಾರದೊಳಗೆ ಕ್ಲಾಸ್ ಟೀಚರ್ ಹತ್ತಿರ ಬರೆಸಿ. ಮನೆಯಲ್ಲಿ ವಾಟ್ಸಾಪ್ ಇಲ್ಲದಿದ್ದರೆ ಹತ್ತಿರದ ಮನೆಯವರ ನಂಬರ್ ಕೊಡಿ.

ಇತಿ,
ನಿಮ್ಮ ಮುಖ್ಯ ಶಿಕ್ಷಕಿ