ವಾಲ್ ಟ್ಯೂಬಿನಿಂದ ಶೇಂಗಾ ಉಂಡಿಯವರೆಗೆ: ಕೊಟ್ಟವರಿಗೆಲ್ಲ ಶರಣು

ವಿಜಯಪುರದ ಅಂಚಿನ ಓಣಿಗಳು, ಸುತ್ತಲಿನ ತಾಂಡಾಗಳ ಮಕ್ಕಳಿಗೆಂದು ಶಾಲೆ ಬಿಟ್ಟ ಮೇಲೆ ನಡೆಯುವ ಸೈಕಲ್ ತರಗತಿಯ ಮೊದಲ ತಂಡ ಮುಗಿಯಿತು. 12 ಮಕ್ಕಳು ತಾವೇ ಬಿಚ್ಚಿ ಜೋಡಿಸಿದ ಸೈಕಲ್ ಹತ್ತಿ ಭೂತನಾಳ ಕೆರೆಯವರೆಗೆ ಹೋದರು, ದಾರಿಯಲ್ಲಿ ಒಂದು ಪಂಚರ್ ತಿದ್ದಿಕೊಂಡರು, ಬೆಳಕಿರುವಾಗಲೇ ಮನೆ ಮುಟ್ಟಿದರು. ಆ ಸೈಕಲ್ಲುಗಳು ಇನ್ನು ಅವರವೇ. ಇದಕ್ಕೆ ಕೈ ಹಚ್ಚಿದವರಲ್ಲಿ ಬಹಳ ಮಂದಿ ತಮ್ಮ ಹೆಸರು ಹಾಕಬೇಡಿ ಎಂದಿದ್ದಾರೆ. ಹಾಗಾಗಿ ಏನು ಕೊಟ್ಟರು, ಅದರಿಂದ ಏನಾಯಿತು ಅನ್ನುವುದನ್ನಷ್ಟೇ ಬರೆಯುತ್ತೇವೆ.

ಮೊದಲ ಶರಣು, ಗೋಡೆಗೆ ಒರಗಿಸಿಟ್ಟಿದ್ದ ಹಳೆ ಸೈಕಲ್ ಕೊಟ್ಟ ಮನೆಗಳಿಗೆ. ಎಂಟನೇ ತರಗತಿಯವರಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿ ಕೋವಿಡ್ ಕಾಲಕ್ಕೆ ನಿಂತಿತು. ಅಕ್ಕ ಅಣ್ಣಂದಿರು ಓಡಿಸಿ ಬಿಟ್ಟ ಆ ಸೈಕಲ್ಲುಗಳೇ ನಮಗೆ ಆಧಾರ. ಮೂರು ಬಂದರೆ ಎರಡು ಓಡುವಂಥವು ಸಿಗುತ್ತವೆ, ಮೂರನೆಯದು ಬಿಡಿಭಾಗಕ್ಕೆ ಹೋಗುತ್ತದೆ. ದುಡಿದು ಸೈಕಲ್ ಗಳಿಸುವ ಈ ಪದ್ಧತಿ ನಮ್ಮ ಕಂಡುಹಿಡಿತವೇನಲ್ಲ. 1984ರಲ್ಲಿ ಹುಟ್ಟಿದ ಬಾಸ್ಟನ್ನಿನ ಬೈಕ್ಸ್ ನಾಟ್ ಬಾಂಬ್ಸ್ ಎಂಬ ಸಂಸ್ಥೆ ‘ಅರ್ನ್ ಎ ಬೈಕ್’ ಹೆಸರಲ್ಲಿ ಇದನ್ನೇ ನಡೆಸುತ್ತ ಬಂದಿದೆ. ದೂರದ ಆ ಮಂದಿಗೂ ಒಂದು ನಮಸ್ಕಾರ.

ಇನ್ನು ಸಂಜೆ ಸಂಜೆ ಅಂಗಡಿ ಬಿಟ್ಟು ಬಂದ ಸೈಕಲ್ ಮಿಸ್ತ್ರಿಗಳು. ಇವರ ಋಣ ದೊಡ್ಡದು, ಸ್ವಲ್ಪ ಉದ್ದಕ್ಕೇ ಬರೆಯುತ್ತೇವೆ.

ಇಲ್ಲಿನ ಪಂಚರ್‌ಗೆ ಮುಖ್ಯ ಕಾರಣ ಎರಡು: ಜಾಲಿ ಮುಳ್ಳು, ನೆಗ್ಗಿಲ ಮುಳ್ಳು. ಮಕ್ಕಳು ಟ್ಯೂಬಿಗೆ ತೇಪೆ ಹಚ್ಚಿ ಗಾಳಿ ಹೊಡೆಯುತ್ತಾರೆ, ಮರುದಿನ ಬೆಳಿಗ್ಗೆ ಮತ್ತೆ ಚಪ್ಪಟೆ. ಮುಳ್ಳಿನ ಮುರಿದ ತುದಿ ಟೈರಿನೊಳಗೇ ಕೂತಿರುತ್ತದೆ. ಬೆರಳಿಗೆ ಸಿಗದಷ್ಟು ಸಣ್ಣದು. ಹತ್ತಿಯ ಉಂಡೆಯನ್ನು ಟೈರಿನ ಒಳಮೈ ಮೇಲೆ ಸುತ್ತಲೂ ಎಳೆದರೆ ಮುಳ್ಳಿರುವ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. ಇದನ್ನು ತೋರಿಸಿಕೊಟ್ಟವರು ಮಿಸ್ತ್ರಿಗಳೇ. ಎರಡನೇ ತಪ್ಪು, ಸಲ್ಯೂಶನ್ ಅಂದರೆ ತೇಪೆಯ ಅಂಟು ಹಸಿಯಿರುವಾಗಲೇ ತೇಪೆ ಒತ್ತುವುದು. ಉಜ್ಜುಕಾಗದದಿಂದ ತಿಕ್ಕಿ, ತೆಳ್ಳಗೆ ಹಚ್ಚಿ, ಐದು ನಿಮಿಷ ಕಾದು, ಹೊಳಪು ಹೋದ ಮೇಲೆ ಒತ್ತಬೇಕು. ಊದಿ ಒಣಗಿಸಬಾರದು, ಬಾಯಿಯ ತೇವ ಕೂರುತ್ತದೆ. ಐದು ನಿಮಿಷ ಸುಮ್ಮನಿರುವುದೇ ಆರನೇ ತರಗತಿಯವರಿಗೆ ಇಡೀ ಪಾಠದ ಕಠಿಣ ಭಾಗ.

ತೇಪೆ ಸರಿಯಿದ್ದೂ ಗಾಳಿ ಇಳಿಯುತ್ತಿದ್ದರೆ ವಾಲ್ ಟ್ಯೂಬ್ ನೋಡಬೇಕು. ವಾಲ್ ಬಾಡಿಯ ಮೇಲೆ ಏರಿಸುವ ಸಣ್ಣ ರಬ್ಬರ್ ಕೊಳವೆ ಅದು. ನಮ್ಮ ಬಿಸಿಲಿಗೆ ಬೇಗ ಒಣಗಿ ಸೀಳುತ್ತದೆ. ಪರೀಕ್ಷೆ ಸುಲಭ: ವಾಲ್ ಬಾಯಿಗೆ ಉಗುಳು ಹಚ್ಚಿದರೆ ಗುಳ್ಳೆ ಏಳುತ್ತದೆ. ಅಂಗಡಿಯವರೊಬ್ಬರು ಮೀಟರುಗಟ್ಟಲೆ ವಾಲ್ ಟ್ಯೂಬ್ ಸುರುಳಿ ಕೊಟ್ಟರು. ಒಂದು ಸಲಕ್ಕೆ ಬೆರಳಿನ ಅರ್ಧದಷ್ಟು ತುಂಡು ಸಾಕು. ಹೊಸ ಸೈಕಲ್ ಕೊಟ್ಟಿದ್ದರೂ ಇಷ್ಟು ಉಪಯೋಗ ಆಗುತ್ತಿರಲಿಲ್ಲ.

ಫ್ರೀವೀಲ್, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರದ ವಿಷಯ ಬೇರೆ. ಕಾಲು ತುಳಿದರೂ ಗಾಲಿ ತಿರುಗುವುದಿಲ್ಲ, ಪೆಡಲ್ ಖಾಲಿ ಸುತ್ತುತ್ತದೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಟ್ಟಿರುತ್ತಾರೆ, ಎರೆ ಮಣ್ಣಿನ ಧೂಳು ಅದರ ಜೊತೆ ಸೇರಿ ಅಂಟಾಗಿ, ಗಾಲಿಯನ್ನು ಹಿಡಿದು ತಿರುಗಿಸುವ ಒಳಗಿನ ನಾಲಗೆಗಳು ಮೇಲೇಳುವುದೇ ಇಲ್ಲ. ಮೊದಲು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು, ಈಗ ಅದು ಸಿಗುವುದು ಕಷ್ಟ. ಪಕ್ಕದ ಗ್ಯಾರೇಜಿನವರು ಬಾಟಲಿಯಲ್ಲಿ ಡೀಸೆಲ್ ಕೊಟ್ಟರು. ಡೀಸೆಲ್ ಬಿಟ್ಟು ತಿರುಗಿಸಿ, ಕಪ್ಪು ನೀರು ನಿಲ್ಲುವ ತನಕ ಸುರಿಸಿ, ಒರೆಸಿ, ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ. ಗ್ರೀಸ್ ಹಾಕಿದರೆ ನಾಲಗೆ ಮತ್ತೆ ಹಿಡಿದುಕೊಳ್ಳುತ್ತದೆ. ಪೆಟ್ರೋಲನ್ನು ಮಕ್ಕಳ ಹತ್ತಿರ ತರುವುದೇ ಇಲ್ಲ.

ತುಳಿದಾಗಲೆಲ್ಲ ‘ಟಕ್’ ಎಂದರೆ, ಕ್ರ್ಯಾಂಕನ್ನು (ಪೆಡಲ್ ಕೂಡಿಸುವ ತೋಳನ್ನು) ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಸಡಿಲ. ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಪೈಪ್ ಆಸರೆ ಕೊಡದೆ ಸುತ್ತಿಗೆಯಿಂದ ಹೊಡೆದರೆ ಪೆಟ್ಟೆಲ್ಲ ಒಳಗಿನ ಗುಂಡುಗಳ ಮೇಲೆ ಬಿದ್ದು ಕಪ್‌ನಲ್ಲಿ ತಗ್ಗು ಬೀಳುತ್ತದೆ. ಎರಡು ಪಿನ್ನುಗಳು ಒಂದಕ್ಕೊಂದು ಎದುರು ದಿಕ್ಕಿನಿಂದ ಹೋಗಬೇಕು, ಇಲ್ಲದಿದ್ದರೆ ಪೆಡಲ್‌ಗಳು ನೇರಕ್ಕೆ ಬರುವುದಿಲ್ಲ, ತುಳಿಯುವವರು ಕುಂಟಿದಂತೆ ಕಾಣುತ್ತಾರೆ. ಆಸರೆಗೆಂದು ಒಂದು ಗೇಣು ಪೈಪ್ ಕತ್ತರಿಸಿ ಕೊಟ್ಟ ವೆಲ್ಡಿಂಗ್ ಅಂಗಡಿಯವರೇ, ಆ ತುಂಡು ಇಂದಿಗೂ ಎಲ್ಲಕ್ಕಿಂತ ಹೆಚ್ಚು ಕೈ ಬದಲಾಯಿಸುವ ಸಾಮಾನು.

ಚೈನು ಅಳೆಯಲು ಗಣಿತದ ಟೀಚರ್ ಸ್ಟೀಲ್ ಸ್ಕೇಲ್ ಕೊಟ್ಟರು. 20 ಕೊಂಡಿಗೆ ಸರಿಯಾಗಿ 10 ಇಂಚು ಕೂಡಬೇಕು. ಒಂದು ಮಿಲಿಮೀಟರಿಗಿಂತ ಹೆಚ್ಚು ಮೀರಿದರೆ ಚೈನು ಬದಲಿಸುವ ಹೊತ್ತು, ಎರಡೂವರೆ ಮೀರಿದರೆ ಫ್ರೀವೀಲಿನ ಹಲ್ಲೂ ಸವೆದಿರುತ್ತದೆ.

ಸೈಕಲ್ಲೇ ಬರದವರಿಗೆ ಕಲಿಸಲು ಯಾರೂ ಹಿಂದಿನಿಂದ ಹಿಡಿದು ಓಡಬೇಕಿಲ್ಲ. ಎರಡೂ ಪೆಡಲ್ ಬಿಚ್ಚಿ, ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ಇಳಿಸಿ, ಕಾಲಿನಿಂದ ತಳ್ಳಿಕೊಂಡು ಹೋಗಲು ಬಿಟ್ಟರೆ ಸಾಕು, ತೂಕ ಸಂಭಾಳಿಸುವುದು ತಾನಾಗಿ ಬರುತ್ತದೆ. ಎಡ ಪೆಡಲ್‌ನ ತಿರುಪು ಮಾತ್ರ ಉಲ್ಟಾ, ಬಲಕ್ಕೆ ತಿರುಗಿಸಿದರೇ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಜೋರು ಹಾಕಿದರೆ ಕ್ರ್ಯಾಂಕ್ ಕೆಡುತ್ತದೆ. 15 ನಂಬರಿನ ಉದ್ದ ಹಿಡಿಯ ಪಾನಾ ಕೊಟ್ಟವರಿಗೆ ಇಲ್ಲೇ ವಂದನೆ.

ಉಂಡಿ ಕಟ್ಟಿ ಕಳಿಸಿದ ತಾಯಂದಿರೇ, ನಿಮ್ಮ ವಿಷಯಕ್ಕೆ ಬರೋಣ. ಬಿಸಿಯೂಟ ಮಧ್ಯಾಹ್ನ, ತರಗತಿ ಸಂಜೆ. ಐದು ಗಂಟೆಗೆ ತಲೆ ಸುತ್ತುತ್ತದೆ ಎಂದು ಕೂರುವ ಮಕ್ಕಳನ್ನು ಕಂಡು ಮೊದಲು ಬಿಸಿಲನ್ನು ದೂರಿದ್ದಾಯಿತು. ಕಾರಣ ಖಾಲಿ ಹೊಟ್ಟೆ. ಒಂದು ಶೇಂಗಾ ಉಂಡಿ, ಒಂದು ಲೋಟ ನೀರು, ಹತ್ತು ನಿಮಿಷ ನೆರಳು. ಆಮೇಲೆ ಯಾರೂ ಕೂರಲಿಲ್ಲ.

ಶಾಲೆ ಬಿಡುವುದು ನಾಲ್ಕೂವರೆ ಸುಮಾರಿಗೆ. ನವೆಂಬರ್ ಕೊನೆಗೆ ಇಲ್ಲಿ ಹೊತ್ತು ಮುಳುಗುವುದು 5.50ರ ಆಸುಪಾಸು. ಹುಡುಗಿಯರು ತರಗತಿ ಬಿಡುವುದಕ್ಕೆ ಆಸಕ್ತಿಯ ಕೊರತೆ ಕಾರಣ ಎಂದು ಹೇಳುವವರಿದ್ದಾರೆ, ಅದು ಸುಳ್ಳು. ಕತ್ತಲಾಗುವುದೇ ಕಾರಣ. 5.30ಕ್ಕೆ ಮುಗಿಸಿ, ಮೂವರು ಮೂವರಾಗಿ ಓಣಿಯ ಬಾಯಿಯವರೆಗೆ ಕಳಿಸಲು ಶುರುಮಾಡಿದ ಮೇಲೆ ಬಿಟ್ಟವರೂ ಮರಳಿ ಬಂದರು. ಓಣಿಯ ಬಾಯಲ್ಲಿ ನಿಂತು ತಲೆ ಎಣಿಸಿದ ಕಿರಾಣಿ ಅಂಗಡಿಯ ಅಮ್ಮನಿಗೆ ಶರಣು. ಚೂಡಿದಾರದ ಕಾಲು ಚೈನಿಗೆ ಸಿಗದಂತೆ ಹಳೆ ಎಲಾಸ್ಟಿಕ್ಕಿನಲ್ಲಿ ಪಟ್ಟಿ ಹೊಲಿದುಕೊಟ್ಟ ಟೇಲರ್‌ಗೂ.

ಅದೇ ಹೊತ್ತಿಗೆ ಎರಡೆರಡು ಟ್ರೇಲರ್ ಎಳೆದುಕೊಂಡು ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿಯುತ್ತವೆ. ನಂಬರ್ ಪ್ಲೇಟ್ ಅಂಗಡಿಯವರು ಕತ್ತರಿಸಿ ಉಳಿದ ರೇಡಿಯಂ ಸ್ಟಿಕರ್ ಚೂರುಗಳನ್ನು ಚೀಲದಲ್ಲಿ ತುಂಬಿ ಕೊಟ್ಟರು. ಹಿಂದಿನ ಮಡ್‌ಗಾರ್ಡಿಗೆ ಒಂದು, ಪೆಡಲ್‌ಗಳ ಹಿಂಬದಿಗೆ ಒಂದೊಂದು. ಮೇಲೆ ಕೆಳಗೆ ಆಡುವ ಬೆಳಕು, ನಿಂತ ಬೆಳಕಿಗಿಂತ ಬೇಗ ಚಾಲಕನ ಕಣ್ಣಿಗೆ ಬೀಳುತ್ತದೆ.

ಕಬ್ಬಿನ ಮಾತು ಬಂದಿದ್ದಕ್ಕೆ ಹೇಳಬೇಕು. ದೀಪಾವಳಿ ಕಳೆದರೆ ತಾಂಡಾದ ಮನೆಗಳು ಸಾಂಗ್ಲಿ, ಕೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೋಗುತ್ತವೆ, ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು ಗೈರು, ಮನೆಯಲ್ಲಿ ಅದು ಹೊಟ್ಟೆಪಾಡು. ‘ಇವರು ನನ್ನ ಹತ್ತಿರ ಇರಲಿ’ ಎಂದು ಮೊಮ್ಮಕ್ಕಳನ್ನು ಉಳಿಸಿಕೊಂಡ ಅಜ್ಜಿಯರಿಲ್ಲದಿದ್ದರೆ 12 ಅನ್ನುವ ಸಂಖ್ಯೆಯೇ ಇರುತ್ತಿರಲಿಲ್ಲ.

ಶುರುವಿಗೆ ಸೇರಿದವರು 14. ಇಬ್ಬರು ಇನ್ನೂ ಗದ್ದೆಯಿಂದ ಬಂದಿಲ್ಲ. ಅವರ ಸೈಕಲ್ಲುಗಳು ಶಾಲೆಯ ಹಿಂದಿನ ಕೋಣೆಯಲ್ಲಿ ಕೊಕ್ಕೆಗೆ ತೂಗಿವೆ. ಗಾಳಿಯಿಲ್ಲದೆ ನೆಲದ ಮೇಲೆ ನಿಲ್ಲಿಸಿದರೆ ರಿಮ್ಮಿನ ಭಾರಕ್ಕೆ ಟೈರ್ ಮಡಚಿ ಸೀಳುತ್ತದೆ. ಹದಿನೈದು ದಿನಕ್ಕೊಮ್ಮೆ ಗಾಳಿ ಹೊಡೆದು, ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು, ಗಾಲಿ ಒಂದು ಸುತ್ತು ತಿರುಗಿಸಿ ನೋಡುವ ಕೆಲಸವನ್ನು ವಾಚ್‌ಮನ್ ಕಾಕಾ ಕೇಳದೆಯೇ ವಹಿಸಿಕೊಂಡಿದ್ದಾರೆ. ಕಾಕಾ, ಹಿಂದಿನ ಸಾಲಿನ ನೀಲಿ ಸೈಕಲ್ಲಿನ ವಾಲ್ ಟ್ಯೂಬ್ ಹಳೆಯದು, ಅದನ್ನೊಂದು ಬದಲಿಸಿಬಿಡಿ.